ಚರ್ಮೋದ್ಯಮದಲ್ಲಿ ಪೂರೈಕೆದಾರರ ಆಯ್ಕೆ ಮತ್ತು ಪರಿಸರಗಣನೆ

ಪಾದರಕ್ಷೆ, ಚೀಲ, ಕೈಗವಸು, ಕುದುರೆಯ ಜೀನು, ಆಸನಗಳ ಹೊದಿಕೆ ಮೊದಲಾದ ಚರ್ಮದ ವಸ್ತುಗಳನ್ನು ತಯಾರಿಸುವ ಸಂಸ್ಥೆಯು ತನಗೆ ಬೇಕಾದ ಹದವಾದ ಚರ್ಮವನ್ನು ಯಾರಿಂದ ಕೊಳ್ಳಬೇಕೆಂಬುದನ್ನು ನಿಶ್ಚಯಿಸುವಾಗ, ಬೆಲೆ, ಗುಣ, ಮುದ್ದತಿಗೆ ಸರಿಯಾಗಿ ಒದಗಿಸುವ ಶಕ್ತಿ ಎಂಬ ಮೂರು ರೂಢಿಯ ಮಾನಗಳಷ್ಟನ್ನೇ ನಂಬದೆ, ಆ ಚರ್ಮವು ಹದಗೊಳ್ಳುವ ಕಾಲದಲ್ಲಿ ನೀರು, ನೆಲ, ಗಾಳಿಗಳ ಮೇಲೆ ಬಿದ್ದ ಭಾರವನ್ನೂ ತೂಕದಲ್ಲಿ ಮತ್ತು ಹಣದಲ್ಲಿ ಲೆಕ್ಕಹಾಕಿ ತೂಗಿನೋಡುವ ಪದ್ಧತಿಯು ಕಳೆದ ಮೂರು ದಶಕಗಳಲ್ಲಿ ರೂಪುಗೊಂಡಿದೆ. ಈ ಲೆಕ್ಕದ ಶಾಸ್ತ್ರಕ್ಕೆ ಪರಿಸರಗಣನೆಯೆಂದು ಹೆಸರು. ಅದರಲ್ಲಿ ಎರಡು ಅಂಗಗಳುಂಟು: ಎಷ್ಟು ದ್ರವ್ಯ ಒಳಗೆ ಬಂತು, ಎಷ್ಟು ಸರಕಾಗಿ ಹೋಯಿತು, ಎಷ್ಟು ಕಸವಾಗಿ ಹೋಯಿತು ಎಂದು ಕಿಲೋಗ್ರಾಂ, ಲೀಟರುಗಳಲ್ಲಿ ಬರೆದಿಡುವ ಭೌತಿಕ ಗಣನೆಯೊಂದು, ಆ ಒಂದೊಂದು ಬಾಬಿಗೂ ತಗಲಿದ, ಅಥವಾ ತಗಲಬೇಕಾಗಿದ್ದೂ ತಗಲದೆ ಉಳಿದ ವೆಚ್ಚವನ್ನು ರೂಪಾಯಿಗಳಲ್ಲಿ ಬರೆಯುವ ಆರ್ಥಿಕ ಗಣನೆ ಇನ್ನೊಂದು. ಮೊದಲನೆಯದು ಸರಿಯಿಲ್ಲದೆ ಎರಡನೆಯದು ಎಷ್ಟು ಸೊಗಸಾಗಿದ್ದರೂ ನಿರರ್ಥಕವೆಂಬುದನ್ನು ಆರಂಭದಲ್ಲಿಯೇ ಹೇಳುವುದು ಉಚಿತ.

ಯಾವ ಕೈಗಾರಿಕೆಯಲ್ಲಿಯಾದರೂ ಇಂಥ ವಿವೇಚನೆಗೆ ಎಡೆಯುಂಟಾದರೂ ಚರ್ಮೋದ್ಯಮದಲ್ಲಿ ಅದು ವಿಶೇಷವಾಗಿ ಅವಶ್ಯವಾದುದಕ್ಕೆ ಕಾರಣವು ಆ ಉದ್ಯಮದ ದ್ರವ್ಯಸ್ವಭಾವದಲ್ಲಿಯೇ ಅಡಗಿದೆ. ಉಪ್ಪು ಹಾಕಿದ ಒಂದು ಟನ್ ಹಸಿ ತೊಗಲು ಟ್ಯಾನರಿಯೊಳಕ್ಕೆ ಬಂದರೆ ಸಿದ್ಧ ಚರ್ಮವಾಗಿ ಹೊರಡುವುದು ಸುಮಾರು ಕಾಲು ಟನ್ ಮಾತ್ರ. ಅಷ್ಟನ್ನು ಪಡೆಯಲು ಅರ್ಧ ಟನ್ನಿನಷ್ಟು ರಾಸಾಯನಿಕಗಳೂ, ಕಾರ್ಖಾನೆಯ ಶಿಸ್ತನ್ನು ಅನುಸರಿಸಿ ಮೂವತ್ತು ನಲವತ್ತು ಘನಮೀಟರಿನಷ್ಟು ನೀರೂ ಬೇಕಾಗುತ್ತವೆ. ಒಳಬಂದುದರಲ್ಲಿ ಬಹುಭಾಗವು ಕೂದಲು, ಕೊಬ್ಬು, ಮಾಂಸದ ಹೆರೆ, ಚರ್ಮದ ಕತ್ತರಿಕೆ, ಸುಣ್ಣದ ರೊಚ್ಚು, ಉಪ್ಪುನೀರು, ಕ್ರೋಮಿಯಮ್ ಬೆರೆತ ಕೆಸರು ಮುಂತಾದ ರೂಪಗಳನ್ನು ತಾಳಿ ಹೊರಗೆ ಹೋಗುತ್ತದೆ. ಹೀಗಿರುವಲ್ಲಿ, ಕೊಳ್ಳುವವನು ಚದರಡಿಗೆ ಇಷ್ಟೆಂದು ಬೆಲೆ ಕಟ್ಟುವುದು ಹೊರಗೆ ಬಂದ ಕಾಲುಭಾಗಕ್ಕೆ. ಉಳಿದ ಮುಕ್ಕಾಲುಭಾಗ ಏನಾಯಿತೆಂಬ ಪ್ರಶ್ನೆಗೆ ಬೆಲೆಪಟ್ಟಿಯಲ್ಲಿ ಉತ್ತರವಿರುವುದಿಲ್ಲ.

ಹದಮಾಡುವ ವಿಧಾನಗಳು: ತೊಗಲನ್ನು ಕೊಳೆಯದಂತೆ ಕಾಪಾಡಿ ಮೃದುವೂ ದೃಢವೂ ಆದ ಚರ್ಮವನ್ನಾಗಿ ಮಾರ್ಪಡಿಸುವ ವಿದ್ಯೆಯು ಅತಿ ಪ್ರಾಚೀನ. ದಕ್ಷಿಣ ಭಾರತದಲ್ಲಿ ತಂಗಡಿ ಅಥವಾ ಆವರಿಕೆಯೆಂಬ ಗಿಡದ ತೊಗಟೆ, ಜಾಲಿಯ ಚಕ್ಕೆ, ಅಳಲೆಕಾಯಿಗಳಿಂದ ಹದಮಾಡುವುದು ರೂಢಿಯಾಗಿದ್ದಿತು. ಮದರಾಸಿನಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಅರೆಹದದ ಚರ್ಮವು 'ಈಸ್ಟ್ ಇಂಡಿಯಾ' ಚರ್ಮವೆಂಬ ಹೆಸರಿನಿಂದ ಅಲ್ಲಿಯ ಪೇಟೆಯಲ್ಲಿ ಪ್ರಸಿದ್ಧವಾಗಿದ್ದಿತು. ಕ್ರೋಮಿಯಮ್ ಲವಣಗಳಿಂದ ಹದಮಾಡುವ ವಿಧಾನಕ್ಕೆ ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ 1884ರಲ್ಲಿ ಹಕ್ಕುಪತ್ರ ಪಡೆದನು. 1893ರಲ್ಲಿ ಮಾರ್ಟಿನ್ ಡೆನಿಸ್ ಅದನ್ನು ಒಂದೇ ಮಜ್ಜನದ ಸುಲಭ ಕ್ರಮಕ್ಕೆ ಇಳಿಸಿದನು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸವು ಒಂದು ದಿನದೊಳಗೆ ಮುಗಿಯುವಂತಾದುದರಿಂದ ಈ ಕ್ರಮವು ಲೋಕವನ್ನೆಲ್ಲ ಆವರಿಸಿ, ಇಂದು ಜಗತ್ತಿನ ಚರ್ಮದಲ್ಲಿ ಶೇಕಡಾ 80ಕ್ಕೂ ಮೇಲ್ಪಟ್ಟು ಕ್ರೋಮಿನಿಂದಲೇ ಹದಗೊಳ್ಳುತ್ತಿದೆ. ದಕ್ಷಿಣ ಭಾರತಕ್ಕೆ ಅದನ್ನು ತಂದವರಲ್ಲಿ ಮುಖ್ಯನಾದವನು ಆಲ್ಫ್ರೆಡ್ ಚಾಟರ್ಟನ್. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸಿನಲ್ಲಿ ಪ್ರಯೋಗಗಳನ್ನು ನಡೆಸಿದ ಈತನು ಮುಂದೆ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆಗಳ ನಿರ್ದೇಶಕನಾಗಿ ಬಂದು ಇಲ್ಲಿಯ ಉದ್ಯಮಗಳ ಇತಿಹಾಸದಲ್ಲಿಯೂ ಸೇರಿದ್ದಾನೆ. ಆತನ ಕ್ರೋಮ್ ಚರ್ಮಕ್ಕೆ ಮೊದಲು ಒದಗಿದ ಪ್ರಯೋಜನಗಳಲ್ಲಿ ಒಂದು, ರೈತರು ಬಾವಿಯಿಂದ ಹೊಲಕ್ಕೆ ನೀರೆತ್ತುವ ಕಪಿಲೆಯ ಚೀಲ. ನೀರಿನಲ್ಲಿ ಬೇಗ ಕೊಳೆಯದೆ ಬಹುಕಾಲ ಬಾಳುವುದೇ ಅದರ ಗುಣವಾಗಿದ್ದಿತು. ಅದೇ ಹದದ ತ್ಯಾಜ್ಯವು ಮುಂದೆ ಅಂಥ ಬಾವಿಗಳನ್ನೇ ಕೆಡಿಸಿತೆಂಬುದು ಚಾಟರ್ಟನ್ನನ ಕಾಲದಲ್ಲಿ ಯಾರಿಗೂ ಹೊಳೆದಿರಲಾರದು.

ಪಾಲಾರ್ ಕಣಿವೆ: ಕರ್ನಾಟಕದ ನಂದಿಬೆಟ್ಟಗಳ ಸೀಮೆಯಲ್ಲಿ ಹುಟ್ಟಿ, ಬೇತಮಂಗಲದ ಕೆರೆಯನ್ನು ತುಂಬಿಸಿ, ಆಂಧ್ರದ ಒಂದು ಮೂಲೆಯನ್ನು ಹಾಯ್ದು ತಮಿಳುನಾಡನ್ನು ಸೇರುವ ಪಾಲಾರ್ ನದಿಯ ದಡಗಳಲ್ಲಿ ವಾಣಿಯಂಬಾಡಿ, ಆಂಬೂರು, ಪೇರ್ಣಾಂಬಟ್ಟು, ಮೇಲ್ವಿಷಾರಂ, ರಾಣಿಪೇಟೆಗಳೆಂಬ ಚರ್ಮದ ಊರುಗಳು ಸಾಲಾಗಿ ನಿಂತಿವೆ. ವರ್ಷದ ಬಹುಭಾಗ ಮರಳೇ ಕಾಣುವ ಈ ನದಿಯಲ್ಲಿ ಹರಿವ ನೀರಿಗಿಂತ ಮರಳಿನ ಕೆಳಗಣ ಅಂತರ್ಜಲವೇ ಜನರ ಜೀವಾಧಾರ. ಇಲ್ಲಿಯ ವೆಲ್ಲೂರಿನ ನಾಗರಿಕರ ಸಂಘವೊಂದು 1991ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1996ರ ಆಗಸ್ಟ್ 28ರಂದು ಕೊಟ್ಟ ತೀರ್ಪು ಭಾರತದ ಪರಿಸರ ನ್ಯಾಯದಲ್ಲಿ ಒಂದು ಮೈಲಿಗಲ್ಲಾಗಿದೆ. ಟ್ಯಾನರಿಗಳ ಪ್ರಾಂತದಲ್ಲಿ ಸುಮಾರು 35,000 ಹೆಕ್ಟೇರ್ ಭೂಮಿಯು ಭಾಗಶಃ ಅಥವಾ ಪೂರ್ಣವಾಗಿ ಸಾಗುವಳಿಗೆ ಅನರ್ಹವಾಗಿದೆಯೆಂಬ ಸಮೀಕ್ಷೆಯನ್ನೂ, ಒಂದು ಕಿಲೋಗ್ರಾಂ ಸಿದ್ಧ ಚರ್ಮಕ್ಕೆ ಸುಮಾರು 35 ಲೀಟರ್ ನೀರು ಬಳಕೆಯಾಗಿ ಕಲುಷಿತವಾಗುವುದೆಂಬ ಅಂದಾಜನ್ನೂ ಆ ತೀರ್ಪು ಉಲ್ಲೇಖಿಸಿತು. ಅನಿಷ್ಟವು ಸಂಭವಿಸುವ ಮುನ್ನವೇ ಎಚ್ಚರ ವಹಿಸತಕ್ಕದ್ದೆಂಬ ತತ್ತ್ವವೂ, ಕೆಡಿಸಿದವನೇ ತೆರತಕ್ಕದ್ದೆಂಬ ತತ್ತ್ವವೂ ಈ ದೇಶದ ಕಾನೂನಿನ ಅಂಗಗಳೆಂದು ಸಾರಿತು. ಇದೇ ಕಾಲದಲ್ಲಿ, ಕಾನ್ಪುರದ ಜಾಜ್‌ಮಾವಿನ ಟ್ಯಾನರಿಗಳನ್ನು ಕುರಿತು 1987ರಲ್ಲಿಯೂ, ಕಲ್ಕತ್ತೆಯ ತಂಗ್ರಾ, ತಿಲ್‌ಜಲಾ, ತೋಪ್ಸಿಯಾಗಳ ಟ್ಯಾನರಿಗಳನ್ನು ಬಂತಲಾಕ್ಕೆ ಸಾಗಿಸುವುದನ್ನು ಕುರಿತು 1996ರ ಡಿಸೆಂಬರಿನಲ್ಲಿಯೂ ಅದೇ ನ್ಯಾಯಾಲಯ ಆದೇಶಗಳನ್ನು ಹೊರಡಿಸಿದ್ದಿತು. ಬಾಂಗ್ಲಾದೇಶದಲ್ಲಿ ಢಾಕಾ ನಗರದ ಹಜಾರಿಬಾಗಿನಿಂದ ಸಾವರಿಗೆ ಟ್ಯಾನರಿಗಳನ್ನು ಕದಲಿಸಿದ್ದು 2017ರಲ್ಲಿ. ಕೆಡಿಸಿದವನೇ ತೆರಬೇಕೆಂದು ನ್ಯಾಯಾಧೀಶರು ಹೇಳುವುದು ಸುಲಭ; ಎಷ್ಟು ತೆರಬೇಕೆಂಬುದು ಲೆಕ್ಕಿಗನ ಪ್ರಶ್ನೆ. ಅಲ್ಲಿಂದ ಪರಿಸರಗಣನೆಯ ಕ್ಷೇತ್ರ ಆರಂಭವಾಗುತ್ತದೆ.

ಗಣನೆಯ ಕ್ರಮ: ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ವಿಭಾಗವು 2001ರಲ್ಲಿಯೂ, ಲೆಕ್ಕಿಗರ ಅಂತರರಾಷ್ಟ್ರೀಯ ಒಕ್ಕೂಟವು 2005ರಲ್ಲಿಯೂ ಈ ಶಾಸ್ತ್ರದ ಕೈಪಿಡಿಗಳನ್ನು ಪ್ರಕಟಿಸಿದುವು. ಅದರ ಅತ್ಯುಪಯುಕ್ತ ಶಾಖೆಯಾದ ದ್ರವ್ಯಪ್ರವಾಹದ ವೆಚ್ಚಗಣನೆಯು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಮೊಳೆತು, 2000ದ ಅನಂತರ ಜಪಾನಿನ ಕಾರ್ಖಾನೆಗಳಲ್ಲಿ ಪುಷ್ಟಿಗೊಂಡು, 2011ರಲ್ಲಿ ಐಎಸ್‌ಒ 14051 ಎಂಬ ಅಂತರರಾಷ್ಟ್ರೀಯ ಮಾನಕದ ಪದವಿಯನ್ನು ಪಡೆಯಿತು; ಅದನ್ನು ಪೂರೈಕೆಯ ಸರಪಳಿಗೆ ಅನ್ವಯಿಸುವ ಮಾರ್ಗದರ್ಶನವು ಐಎಸ್‌ಒ 14052 ಎಂಬ ಸಂಖ್ಯೆಯಿಂದ 2017ರಲ್ಲಿ ಹೊರಬಂದಿತು. ಇದರ ತಿರುಳು ಸರಳವಾದುದು. ಸಾಮಾನ್ಯ ಜಮಾಖರ್ಚಿನಲ್ಲಿ ಕಸಕ್ಕೆ ಪ್ರತ್ಯೇಕ ಖಾತೆಯಿಲ್ಲ. ಹಾಳಾದ ಸುಣ್ಣದ ಬೆಲೆಯೂ, ಹಾಳಾದುದನ್ನು ಹೊತ್ತು ಹಾಕಿದ ಕೂಲಿಯೂ, ಅದಕ್ಕೆ ತಗಲಿದ ವಿದ್ಯುತ್ತೂ ತೇಮಾನು ಅಥವಾ ಇತರ ವೆಚ್ಚವೆಂಬ ಒಂದೇ ಶೀರ್ಷಿಕೆಯೊಳಗೆ ಕರಗಿಹೋಗುತ್ತವೆ. ದ್ರವ್ಯಪ್ರವಾಹದ ಗಣನೆಯಾದರೋ ಕಸವನ್ನೂ ಒಂದು ಉತ್ಪನ್ನವೆಂದೇ ಎಣಿಸಿ, ಸರಕನ್ನು ಧನ ಉತ್ಪನ್ನವೆಂದೂ ಕಸವನ್ನು ಋಣ ಉತ್ಪನ್ನವೆಂದೂ ಕರೆದು, ಕೊಂಡ ದ್ರವ್ಯದ ಬೆಲೆ, ಕೂಲಿ, ಇಂಧನ ಇವನ್ನು ಎರಡಕ್ಕೂ ತೂಕದ ಪ್ರಮಾಣದಲ್ಲಿ ಹಂಚಿ, ವಿಲೇವಾರಿಯ ಖರ್ಚನ್ನು ಪೂರ್ತಿಯಾಗಿ ಕಸದ ಲೆಕ್ಕಕ್ಕೇ ಹಾಕುತ್ತದೆ. ತನ್ನ ಖರ್ಚಿನಲ್ಲಿ ಎಷ್ಟು ಪಾಲು ಕಸವನ್ನು ತಯಾರಿಸುವುದಕ್ಕೆ ಹೋಗುತ್ತಿದೆಯೆಂದು ಮೊದಲ ಬಾರಿ ಬರೆದು ನೋಡಿದ ಯಜಮಾನನಿಗೆ ಆ ಅಂಕಿಯು ಸಾಮಾನ್ಯವಾಗಿ ಅಹಿತವಾದ ಆಶ್ಚರ್ಯವನ್ನೇ ಉಂಟುಮಾಡುವುದು.

ಟ್ಯಾನರಿಯೊಂದಕ್ಕೆ ಈ ಗಣನೆಯನ್ನು ಅನ್ವಯಿಸುವಾಗ ಹಂತಹಂತವಾಗಿ ಹೋಗಬೇಕು. ಮೊದಲನೆಯದು ಉಪ್ಪು. ಕಸಾಯಿಖಾನೆಯಿಂದ ಬಂದ ತೊಗಲು ಕೊಳೆಯದಿರಲೆಂದು ಅದರ ತೂಕದ ಮೂರನೆಯ ಒಂದು ಭಾಗಕ್ಕೂ ಹೆಚ್ಚಾಗಿ ಉಪ್ಪು ಹಚ್ಚಿರುತ್ತಾರೆ. ಟ್ಯಾನರಿಯಲ್ಲಿ ತೊಗಲನ್ನು ನೆನೆಯಿಕ್ಕಿದಾಗ ಈ ಉಪ್ಪು ನೀರಿಗೆ ಇಳಿಯುತ್ತದೆ. ಒಮ್ಮೆ ನೀರಿನಲ್ಲಿ ಕರಗಿದ ಉಪ್ಪನ್ನು ಯಾವ ಜೀವಾಣುವೂ ತಿನ್ನಲಾರದಾದ್ದರಿಂದ ಸಾಮಾನ್ಯವಾದ ಶುದ್ಧೀಕರಣ ಘಟಕವು ಅದರ ಮುಂದೆ ನಿರುಪಾಯ. ಹೊರಬಿಡುವ ನೀರಿನಲ್ಲಿ ಕರಗಿದ ಘನಪದಾರ್ಥವು ಲೀಟರಿಗೆ 2,100 ಮಿಲಿಗ್ರಾಂ ಮೀರಬಾರದೆಂಬುದು ನಿಯಮವಾದರೂ ನೆನೆಗುಂಡಿಯ ನೀರು ಇದರ ಹತ್ತಾರು ಪಟ್ಟು ಉಪ್ಪಾಗಿರುವುದುಂಟು. ತೊಗಲನ್ನು ಜಾಲರಿಯ ಪೀಪಾಯಿಯಲ್ಲಿ ಉರುಳಿಸಿಯೋ ಚೌಕಟ್ಟಿನ ಮೇಲೆ ಬಡಿದೋ ಒಣ ಉಪ್ಪನ್ನು ಮೊದಲೇ ಉದುರಿಸುವುದು, ನೆನೆನೀರನ್ನು ಬೇರೆ ಕಾಲುವೆಯಲ್ಲಿ ಒಯ್ದು ಬಿಸಿಲಿನ ಪಾತಿಗಳಲ್ಲಿ ಆವಿಯಾಗಿಸುವುದು ಇವೆರಡೂ ಹೆಚ್ಚಿನ ವಿದ್ಯೆ ಬೇಡದ ಕೆಲಸಗಳು; ಆದಕಾರಣ ಪೂರೈಕೆದಾರನ ಶ್ರದ್ಧೆಯನ್ನು ಪರೀಕ್ಷಿಸಲು ಉದುರಿಸಿದ ಉಪ್ಪಿನ ತೂಕದ ಪುಸ್ತಕಕ್ಕಿಂತ ಒಳ್ಳೆಯ ಸಾಧನವಿಲ್ಲವೆಂದು ಈ ಲೇಖಕನ ಅಭಿಪ್ರಾಯ. ಎರಡನೆಯದು ಸುಣ್ಣ ಮತ್ತು ಸೋಡಿಯಮ್ ಸಲ್ಫೈಡು. ಕೂದಲನ್ನು ಕರಗಿಸುವ ಈ ದ್ರಾವಣವು ಆಮ್ಲದೊಡನೆ ಬೆರೆತರೆ ಜಲಜನಕದ ಸಲ್ಫೈಡೆಂಬ ಪ್ರಾಣಘಾತಕ ಅನಿಲವಾಗುತ್ತದೆ. ಕೂದಲನ್ನು ಕರಗಿಸದೆ ಇಡಿಯಾಗಿ ಬೇರ್ಪಡಿಸುವ ಕ್ರಮದಿಂದ ನೀರಿನ ಸಾವಯವ ಹೊರೆ ಗಣನೀಯವಾಗಿ ತಗ್ಗುತ್ತದೆ. ಮೂರನೆಯದು ಕ್ರೋಮ್. ರೂಢಿಯ ಕ್ರಮದಲ್ಲಿ ತೊಗಲು ಹೀರಿಕೊಳ್ಳುವುದು ಹಾಕಿದ ಕ್ರೋಮಿನಲ್ಲಿ ಶೇಕಡಾ 60ರಿಂದ 70. ಉಷ್ಣತೆ, ಆಮ್ಲತೆ, ಉರುಳಿಸುವ ಕಾಲ ಇವನ್ನು ಬಿಗಿಯಾಗಿ ನಿಯಂತ್ರಿಸಿದರೆ ಅದು 90ನ್ನು ಮೀರಬಲ್ಲದು. ಉಳಿದುದನ್ನು ಮೆಗ್ನೀಸಿಯಮ್ ಆಕ್ಸೈಡಿನಿಂದ ತಳಕ್ಕಿಳಿಸಿ, ಆಮ್ಲದಲ್ಲಿ ಕರಗಿಸಿ ಮರಳಿ ಬಳಸುವ ವಿಧಾನವನ್ನು ಟ್ಯಾನರಿಗಳಿಗೆ ಒಪ್ಪಿಸುವಲ್ಲಿ, 1948ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ, ಬಹುಕಾಲ ಯಲವರ್ತಿ ನಾಯುಡಮ್ಮನವರ ನಾಯಕತ್ವದಲ್ಲಿ ಬೆಳೆದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ದುಡಿದಿದೆ. ಅನಂತರದ ಬಣ್ಣ, ಎಣ್ಣೆ, ಮೆರುಗುಗಳ ಹಂತದಲ್ಲಿ ದ್ರವ್ಯಗಳ ಸಂಖ್ಯೆ ಹೆಚ್ಚು, ತೂಕ ಕಡಮೆ.

ಲೆಕ್ಕದ ರೀತಿಯನ್ನು ವಿಶದಪಡಿಸಲು ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಇಲ್ಲಿಯ ಅಂಕಿಗಳೆಲ್ಲ ವಿವರಣೆಗಾಗಿ ಊಹಿಸಿದವೆಂದು ಓದುಗರು ಭಾವಿಸತಕ್ಕದ್ದು. ಒಂದು ಟನ್ ತೊಗಲಿನಿಂದ 1,500 ಚದರಡಿ ಚರ್ಮ ಹೊರಡುವುದೆಂದಿಟ್ಟುಕೊಂಡರೆ, ಮೊದಲನೆಯ ಟ್ಯಾನರಿಯು ಚದರಡಿಗೆ 100 ರೂಪಾಯಿಯಂತೆ 1,50,000 ರೂಪಾಯಿಗೂ, ಎರಡನೆಯದು 106 ರೂಪಾಯಿಯಂತೆ 1,59,000 ರೂಪಾಯಿಗೂ ಆ ಸರಕನ್ನು ಕೊಡಲು ಒಪ್ಪುತ್ತವೆ. ಖರೀದಿಯ ಗುಮಾಸ್ತನು ಒಂಬತ್ತು ಸಾವಿರದ ಅಂತರವನ್ನು ನೋಡಿ ಮೊದಲನೆಯದಕ್ಕೆ ಬರೆಯುವನು. ಈಗ ಕ್ರೋಮಿನ ಪುಸ್ತಕವನ್ನು ತೆರೆಯೋಣ. ಇಬ್ಬರೂ 80 ಕಿಲೋಗ್ರಾಂ ಕ್ರೋಮ್ ಲವಣವನ್ನು ಹಾಕುತ್ತಾರೆ. ಮೊದಲನೆಯವನಲ್ಲಿ ಶೇಕಡಾ 65 ಮಾತ್ರ ಹೀರಲ್ಪಟ್ಟು 28 ಕಿಲೋ ಕಾಲುವೆಗೆ ಹೋದರೆ, ಎರಡನೆಯವನಲ್ಲಿ ಶೇಕಡಾ 92 ಹೀರಲ್ಪಟ್ಟು ಆರೂವರೆ ಕಿಲೋವಿಗಿಂತ ಕಡಮೆ ಹೋಗುತ್ತದೆ. ಕಿಲೋವಿಗೆ ನೂರು ರೂಪಾಯಿಯೆಂದು ಹಿಡಿದರೂ ಮೊದಲನೆಯವನು 2,800 ರೂಪಾಯಿಯನ್ನು ನೀರಿಗೆ ಸುರಿಯುತ್ತಿದ್ದಾನೆ. ಆದರೆ ಇದು ಅವನದೇ ನಷ್ಟ, ಅವನ ಬೆಲೆಯಲ್ಲಿ ಆಗಲೇ ಸೇರಿರುವ ನಷ್ಟ. ಆಮೇಲೆ ನೀರಿನ ಪುಸ್ತಕ. ಮೊದಲನೆಯವನು 40 ಘನಮೀಟರ್, ಎರಡನೆಯವನು 25 ಘನಮೀಟರ್ ರೊಚ್ಚನ್ನು ಹೊರಬಿಡುತ್ತಾರೆ. ಅದನ್ನು ಉಪ್ಪು ಸಹಿತ ಪೂರ್ಣವಾಗಿ ಶುದ್ಧಗೊಳಿಸಲು ಘನಮೀಟರಿಗೆ 400 ರೂಪಾಯಿ ಬೇಕಾಗುವುದೆಂದು ಇಟ್ಟುಕೊಳ್ಳಿ. ಎರಡನೆಯವನು ಅಷ್ಟನ್ನೂ, ಎಂದರೆ 10,000 ರೂಪಾಯಿಗಳನ್ನು, ತೆತ್ತು ತನ್ನ ಬೆಲೆಯಲ್ಲಿ ಸೇರಿಸಿದ್ದಾನೆ. ಮೊದಲನೆಯವನು ಘನಮೀಟರಿಗೆ 100 ರೂಪಾಯಿಯ ಅರೆಶುದ್ಧಿಯನ್ನು ಮಾಡಿ 4,000 ತೆತ್ತು, ಉಳಿದ 12,000 ರೂಪಾಯಿಯ ಕೆಲಸವನ್ನು ಕೆಳಗಿನ ಊರಿನ ಬಾವಿಗಳಿಗೆ ಬಿಟ್ಟಿದ್ದಾನೆ. ಈ ಮೊತ್ತವನ್ನು ಅವನ ಬೆಲೆಗೆ ಕೂಡಿಸಿದರೆ 1,62,000 ಆಗುವುದರಿಂದ ಅಗ್ಗವೆಂದು ಕಂಡದ್ದೇ ಮೂರು ಸಾವಿರದಷ್ಟು ತುಟ್ಟಿಯಾಗಿ ಪರಿಣಮಿಸುತ್ತದೆ.

ಈ ನಿದರ್ಶನದಲ್ಲಿ ಕಾಣುವ ಎರಡು ನಷ್ಟಗಳ ಭೇದವು ಆಯ್ಕೆಯ ಶಾಸ್ತ್ರದಲ್ಲಿ ಪ್ರಧಾನವಾದುದು. ಕ್ರೋಮಿನ ನಷ್ಟವು ಒಳವೆಚ್ಚ. ಅದನ್ನು ತೋರಿಸಿಕೊಟ್ಟರೆ ಪೂರೈಕೆದಾರನು ತನ್ನ ಲಾಭಕ್ಕಾಗಿಯೇ ತಿದ್ದಿಕೊಳ್ಳುವನು, ಅವನನ್ನು ತೊರೆಯಬೇಕಾದ ಕಾರಣವಿಲ್ಲ. ಬಾವಿಯ ನಷ್ಟವು ಹೊರವೆಚ್ಚ; ಅದನ್ನು ತಿದ್ದಿಕೊಂಡರೆ ಅವನ ಲಾಭ ಕುಗ್ಗುವುದರಿಂದ, ಕಾನೂನಿನ ಭಯವಾಗಲಿ ಕೊಳ್ಳುವವನ ಒತ್ತಾಯವಾಗಲಿ ಇಲ್ಲದೆ ಅದು ತಾನಾಗಿ ನಿಲ್ಲದು. ಪೂರೈಕೆದಾರರನ್ನು ಒಳ್ಳೆಯವರು ಕೆಟ್ಟವರೆಂದು ವಿಂಗಡಿಸುವುದಕ್ಕಿಂತ, ಯಾರ ನಷ್ಟದಲ್ಲಿ ಎಷ್ಟು ಪಾಲು ಒಳಗಿನದು, ಎಷ್ಟು ಪಾಲು ಹೊರಗಿನದು ಎಂದು ವಿಂಗಡಿಸುವುದು ಹೆಚ್ಚು ಫಲಕಾರಿ.

ಹೊರವೆಚ್ಚಕ್ಕೆ ಬೆಲೆ ಕಟ್ಟುವುದು: ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿ ಪ್ರಕಟಿಸಿದ್ದು ಜರ್ಮನಿಯ ಪೂಮಾ ಎಂಬ ಪಾದರಕ್ಷೆ ಮತ್ತು ಕ್ರೀಡಾವಸ್ತ್ರಗಳ ಸಂಸ್ಥೆ. ಯೋಖೆನ್ ಝೈಟ್ಸ್ ಅದರ ಮುಖ್ಯಸ್ಥನಾಗಿದ್ದ ಕಾಲದಲ್ಲಿ ಆರಂಭವಾಗಿ, 2010ನೆಯ ವರ್ಷವನ್ನು ಕುರಿತು 2011ರಲ್ಲಿ ಹೊರಬಂದ ಪರಿಸರದ ಲಾಭನಷ್ಟದ ತಖ್ತೆಯು ಸಂಸ್ಥೆಯ ಕಾರ್ಯಗಳಿಂದ ಪ್ರಕೃತಿಗೆ ತಗಲಿದ ವೆಚ್ಚವನ್ನು 14.5 ಕೋಟಿ ಯೂರೋ ಎಂದು ಎಣಿಸಿತು. ಹಸುರುಮನೆ ಅನಿಲಗಳದು 4.7 ಕೋಟಿ, ನೀರಿನದು 4.7 ಕೋಟಿ, ಭೂಬಳಕೆಯದು 3.7 ಕೋಟಿ, ಇತರ ವಾಯುಮಾಲಿನ್ಯದ್ದು 1.1 ಕೋಟಿ, ಕಸದ್ದು 30 ಲಕ್ಷ. ಇವುಗಳಿಗಿಂತ ಬೋಧಕವಾದದ್ದು ಇನ್ನೊಂದು ವಿಂಗಡಣೆ: ಸಂಸ್ಥೆಯ ಸ್ವಂತ ಕಚೇರಿ, ಅಂಗಡಿ, ಉಗ್ರಾಣಗಳಿಂದ ಆದ ವೆಚ್ಚ ಶೇಕಡಾ 6 ಮಾತ್ರ, ಪಾದರಕ್ಷೆಯನ್ನು ಹೊಲಿದು ಕೊಡುವ ಮೊದಲ ಸಾಲಿನ ಪೂರೈಕೆದಾರರದು ಶೇಕಡಾ 9, ಟ್ಯಾನರಿಗಳೇ ಮೊದಲಾದ ಮೂರನೆಯ ಸಾಲಿನದು ಶೇಕಡಾ 19, ದನಸಾಕಣೆ, ಹತ್ತಿ, ರಬ್ಬರು ಮುಂತಾದ ಕಚ್ಚಾಮಾಲಿನ ಮೂಲದಲ್ಲಿರುವ ನಾಲ್ಕನೆಯ ಸಾಲಿನದು ಶೇಕಡಾ 57. ಎಂದರೆ, ಕಂಪನಿಯು ಯಾರೊಡನೆ ಕರಾರು ಮಾಡಿಕೊಳ್ಳುತ್ತದೆಯೋ ಅವರಲ್ಲಿ ಹಾನಿ ಅಲ್ಪ. ಯಾರ ಹೆಸರನ್ನು ಅದು ಅರಿಯದೋ ಅವರಲ್ಲಿ ಹಾನಿ ಅಧಿಕ. ಪೂಮಾದ ಮಾತೃಸಂಸ್ಥೆಯಾಗಿದ್ದ, ಮುಂದೆ ಕೆರಿಂಗ್ ಎಂಬ ಹೆಸರನ್ನು ತಾಳಿದ ಫ್ರೆಂಚ್ ಸಮೂಹವು ಈ ತಖ್ತೆಯನ್ನು ತನ್ನ ಇತರ ಶಾಖೆಗಳಿಗೂ ವಿಸ್ತರಿಸಿತು.

ಇಲ್ಲಿ ಎರಡು ತೊಡಕುಗಳನ್ನು ಗಮನಿಸದೆ ಮುಂದೆ ಹೋಗಲಾಗದು. ದನವನ್ನು ಸಾಕುವುದು ಹಾಲಿಗಾಗಿ ಅಥವಾ ಮಾಂಸಕ್ಕಾಗಿ, ತೊಗಲು ಉಪೋತ್ಪನ್ನ. ಹಾಗಾದರೆ ಸಾಕಣೆಯ ಹಾನಿಯಲ್ಲಿ ತೊಗಲಿಗೆ ಎಷ್ಟು ಪಾಲು? ಏನೂ ಇಲ್ಲವೆಂಬುದು ಹದಗಾರರ ಸಂಘಗಳ ವಾದ. ತೂಕದಂತೆ ಹಂಚಬೇಕೆನ್ನುವವರೂ ಇದ್ದಾರೆ. ಮಾರಾಟದ ಬೆಲೆಯಂತೆ ಹಂಚಿದರೆ ಶೇಕಡಾ ಕೆಲವೇ ಅಂಶಗಳಷ್ಟು ಪಾಲು ಬರುತ್ತದೆ. ಯಾವ ಹಂಚಿಕೆಯನ್ನು ಆರಿಸಿಕೊಂಡೆವೆಂಬುದರ ಮೇಲೆ ಫಲಿತಾಂಶವು ಹಲವು ಪಟ್ಟು ಏರಿಳಿಯುವುದರಿಂದ, ಎರಡು ಚರ್ಮಗಳ ಲೆಕ್ಕವನ್ನು ಹೋಲಿಸುವ ಮುನ್ನ ಇಬ್ಬರೂ ಒಂದೇ ಹಂಚಿಕೆಯನ್ನು ಅನುಸರಿಸಿದ್ದಾರೆಯೆ ಎಂದು ನೋಡುವುದು ಅತ್ಯವಶ್ಯ. ಎರಡನೆಯ ತೊಡಕು ಬೆಲೆಯದೇ. ವೆಲ್ಲೂರಿನ ತೀರ್ಪಿನ ಫಲವಾಗಿ ನೇಮಕಗೊಂಡ ಪರಿಸರನಷ್ಟ ಪ್ರಾಧಿಕಾರವು 1991ರಿಂದ 1998ರವರೆಗಿನ ಹಾನಿಗಾಗಿ 2001ರ ಮಾರ್ಚಿನಲ್ಲಿ ವಿಧಿಸಿದ ಪರಿಹಾರವು 547 ಟ್ಯಾನರಿಗಳಿಂದ 29,193 ಮಂದಿಗೆ ಸುಮಾರು 26.82 ಕೋಟಿ ರೂಪಾಯಿ. ಸರಾಸರಿಗೆ ಒಬ್ಬೊಬ್ಬರಿಗೆ ಒಂಬತ್ತು ಸಾವಿರ ರೂಪಾಯಿಯನ್ನು ಸ್ವಲ್ಪ ಮೀರುವ ಈ ಮೊತ್ತವನ್ನು ಏಳು ವರ್ಷಗಳ ಬೆಳೆನಷ್ಟಕ್ಕೂ ಕೆಟ್ಟ ಬಾವಿಗೂ ಸಮವೆಂದು ಯಾವ ರೈತನೂ ಒಪ್ಪಲಾರನು. ಆದರೂ ಲೆಕ್ಕಿಗನು ಅಧಿಕೃತವಾದ ಬೆಲೆಯನ್ನೇ ಹಿಡಿಯುವೆನೆಂದರೆ ಅವನ ತಖ್ತೆಯಲ್ಲಿ ಬರುವುದು ಈ ಅಂಕಿಯೇ. ಆದುದರಿಂದ ಹಣದ ಅಂಕಣದ ಪಕ್ಕದಲ್ಲಿ ತೂಕದ ಅಂಕಣವನ್ನು ಅಳಿಸದೆ ಉಳಿಸಿಕೊಳ್ಳಬೇಕೆಂದು ಈ ಶಾಸ್ತ್ರದ ವಿವೇಕಿಗಳು ಹೇಳುತ್ತಾರೆ.

ಆಯ್ಕೆಯ ಗಣಿತ: ಪೂರೈಕೆದಾರರ ಆಯ್ಕೆಯನ್ನು ಶಾಸ್ತ್ರೀಯವಾಗಿ ವಿವೇಚಿಸಿದ ಆದಿಮ ಬರಹಗಳಲ್ಲಿ ಡಿಕ್ಸನ್ ಎಂಬ ವಿದ್ವಾಂಸನ 1966ರ ಸಮೀಕ್ಷೆ ಪ್ರಸಿದ್ಧವಾದುದು. ಅದರಲ್ಲಿ ಹೆಸರಿಸಿದ 23 ಮಾನಗಳಲ್ಲಿ ಗುಣ, ಸಕಾಲದ ಒದಗಣೆ, ಹಿಂದಿನ ನಡವಳಿಕೆಗಳು ಅಗ್ರಸ್ಥಾನದಲ್ಲಿವೆ. ಪರಿಸರದ ಹೆಸರೇ ಇಲ್ಲ. ಅನಂತರ ಥಾಮಸ್ ಸಾಟಿಯ ಶ್ರೇಣೀಕೃತ ವಿಶ್ಲೇಷಣೆ, ಹ್ವಾಂಗ್ ಮತ್ತು ಯೂನ್ ಎಂಬುವರು 1981ರಲ್ಲಿ ಸೂಚಿಸಿದ, ಆದರ್ಶಕ್ಕೆ ಯಾರು ಹತ್ತಿರವೆಂದು ಅಳೆಯುವ ಟಾಪ್ಸಿಸ್ ಪದ್ಧತಿ, ಚಾರ್ನ್ಸ್, ಕೂಪರ್, ರೋಡ್ಸ್ ಎಂಬುವರು 1978ರಲ್ಲಿ ರಚಿಸಿದ ದತ್ತಾಂಶ ಆವರಣ ವಿಶ್ಲೇಷಣೆ ಮೊದಲಾದ ಸಾಧನಗಳು ಈ ಕಾರ್ಯಕ್ಕೆ ಬಳಕೆಗೆ ಬಂದವು. ನಿಖರವಾದ ಅಂಕಿ ದೊರೆಯದಲ್ಲಿ, ಜಾದೆ ಎಂಬ ವಿದ್ವಾಂಸನು ಸೂಚಿಸಿದ ಅಸ್ಫುಟ ಗಣಗಳನ್ನು, ಎಂದರೆ ಅಂಚು ಖಚಿತವಿಲ್ಲದ ಗಣಗಳನ್ನು, ಅವುಗಳೊಡನೆ ಬೆರೆಸುವುದುಂಟು. ಇವುಗಳಲ್ಲಿ ಮೊದಲೆರಡು ಪದ್ಧತಿಗಳಿಗೆ ಒಂದು ಸಮಾನ ದೋಷವಿದೆ: ಒಂದು ಮಾನದಲ್ಲಿ ಕಳೆದುಕೊಂಡ ಅಂಕವನ್ನು ಇನ್ನೊಂದರಲ್ಲಿ ಗಳಿಸಿಕೊಳ್ಳಲು ಅವು ಅವಕಾಶ ಕೊಡುತ್ತವೆ. ಬೆಲೆಯಲ್ಲಿ ಅತಿ ಅಗ್ಗವಾದ ಟ್ಯಾನರಿಯು ರೊಚ್ಚಿನಲ್ಲಿ ಸೊನ್ನೆಯನ್ನು ಪಡೆದರೂ ಒಟ್ಟು ಮೊತ್ತದಲ್ಲಿ ಮೇಲಕ್ಕೆ ಬರಬಹುದು. ಅದು ಅಗ್ಗವಾದುದೇ ರೊಚ್ಚಿನ ದೆಸೆಯಿಂದ ಎಂಬುದನ್ನು ಸೂತ್ರವು ಅರಿಯದು. ಆವರಣ ವಿಶ್ಲೇಷಣೆಯ ದೋಷ ಬೇರೆ ತೆರನಾದುದು; ಅದು ಇದ್ದವರಲ್ಲಿ ಉತ್ತಮನನ್ನು ಹುಡುಕುವುದರಿಂದ ಎಲ್ಲರೂ ಕೆಟ್ಟವರಾಗಿದ್ದರೆ ಕಡಮೆ ಕೆಟ್ಟವನಿಗೆ ಪೂರ್ಣ ಅಂಕ ದೊರೆಯುತ್ತದೆ. ಆದ್ದರಿಂದ ಮೊದಲು ದಾಟಲೇಬೇಕಾದ ಹೊಸ್ತಿಲುಗಳನ್ನು ನಿರ್ಧರಿಸಿ, ಉಳಿದವರಲ್ಲಿ ಮಾತ್ರ ಗಣಿತವನ್ನು ನಡೆಸುವುದು ಸರಿಯಾದ ಕ್ರಮ. ಹೊಸ್ತಿಲಿಗೆ ಉದಾಹರಣೆಯಾಗಿ ಷಡ್ವೇಲೆಯ ಕ್ರೋಮಿಯಮ್ಮನ್ನು ಹೇಳಬಹುದು: ಹದಮಾಡಲು ಬಳಸುವ ತ್ರಿವೇಲೆಯ ರೂಪವು ಅಷ್ಟು ಅಪಾಯಕರವಲ್ಲವಾದರೂ, ಅದು ಕೆಲವು ಸಂದರ್ಭಗಳಲ್ಲಿ ಷಡ್ವೇಲೆಯ ವಿಷರೂಪಕ್ಕೆ ತಿರುಗಬಲ್ಲದಾದ್ದರಿಂದ, ಮೈಗೆ ತಾಕುವ ಚರ್ಮದ ವಸ್ತುವಿನಲ್ಲಿ ಆ ವಿಷರೂಪವು ಕಿಲೋಗ್ರಾಮಿಗೆ 3 ಮಿಲಿಗ್ರಾಮನ್ನು ಮುಟ್ಟಕೂಡದೆಂದು ಐರೋಪ್ಯ ಒಕ್ಕೂಟವು 2015ರ ಮೇ 1ರಿಂದ ನಿರ್ಬಂಧಿಸಿದೆ.

ಪ್ರಮಾಣಪತ್ರಗಳು: ಹಲವು ಬ್ರಾಂಡುಗಳು ಮತ್ತು ಟ್ಯಾನರಿಗಳು ಸೇರಿ 2005ರಲ್ಲಿ ರಚಿಸಿಕೊಂಡ ಲೆದರ್ ವರ್ಕಿಂಗ್ ಗ್ರೂಪ್ ಟ್ಯಾನರಿಗಳನ್ನು ಪರಿಶೋಧಿಸಿ ಚಿನ್ನ, ಬೆಳ್ಳಿ, ಕಂಚುಗಳ ದರ್ಜೆ ಕೊಡುತ್ತದೆ. ನೀರು, ಇಂಧನ, ರಾಸಾಯನಿಕ, ತೊಗಲಿನ ಮೂಲ ಇವೆಲ್ಲ ಅದರ ಪರಿಶೀಲನೆಗೆ ಒಳಪಡುತ್ತವೆ. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ಆ ಪೇಟೆಯಲ್ಲಿ ಪಟ್ಟಿಯಾದ ಅಗ್ರ 1,000 ಕಂಪನಿಗಳಿಗೆ 2022–23ರಿಂದ ಕಡ್ಡಾಯಗೊಳಿಸಿದ ಹೊಣೆಗಾರಿಕೆಯ ವರದಿಯೂ ಇದೇ ದಿಕ್ಕಿನದು. ಆದರೆ ಟ್ಯಾನರಿಗಳಲ್ಲಿ ಬಹುಪಾಲು ಕುಟುಂಬಗಳ ಸ್ವಾಮ್ಯದ ಸಣ್ಣ ಘಟಕಗಳಾದ್ದರಿಂದ ಆ ನಿಯಮ ಅವುಗಳನ್ನು ನೇರವಾಗಿ ಮುಟ್ಟುವುದಿಲ್ಲ. ಪ್ರಮಾಣಪತ್ರವು ಪರಿಶೋಧನೆಯ ದಿನದ ಚಿತ್ರ. ಲೆಕ್ಕದ ಪುಸ್ತಕವು ವರ್ಷದುದ್ದದ ಚಿತ್ರ. ಒಂದನ್ನು ಇನ್ನೊಂದರ ಬದಲಾಗಿ ಸ್ವೀಕರಿಸುವುದು ತರವಲ್ಲ.

ಸಸ್ಯಹದ ಮತ್ತು ಕರ್ನಾಟಕ: ಕ್ರೋಮಿಲ್ಲದ ಚರ್ಮವೆಲ್ಲ ನಿರ್ಮಲವೆಂಬ ನಂಬಿಕೆ ಕೊಳ್ಳುವವರಲ್ಲಿ ಹರಡಿದೆ. ತೊಗಟೆಯ ರೊಚ್ಚಿನಲ್ಲಿ ಲೋಹವಿಲ್ಲವೆಂಬುದು ನಿಜ. ಆದರೆ ಅದು ಕಡುಗಪ್ಪಾಗಿ, ಜೀವಾಣುಗಳಿಗೆ ಬೇಗ ಜೀರ್ಣವಾಗದೆ ಉಳಿಯುವುದೂ ಅಷ್ಟೇ ನಿಜ. ಉಪ್ಪಿನ ಲೆಕ್ಕವಂತೂ ಎರಡಕ್ಕೂ ಒಂದೇ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಸುತ್ತಿನಲ್ಲಿ, ತೊಗಲನ್ನೇ ಚೀಲದಂತೆ ಹೊಲಿದು ಒಳಗೆ ಜಾಲಿಚಕ್ಕೆ ಅಳಲೆಕಾಯಿಗಳ ರಸವನ್ನು ತುಂಬಿ ತೂಗುಹಾಕಿ ಹದಮಾಡುವ ಕ್ರಮವು ಕೊಲ್ಹಾಪುರಿ ಚಪ್ಪಲಿಗಳ ಆಧಾರ. ಈ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದ್ದು. ಅದನ್ನು ಪಡೆದುದರಲ್ಲಿ 1976ರಲ್ಲಿ ಸ್ಥಾಪಿತವಾದ ಕರ್ನಾಟಕದ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮವಾದ ಲಿಡ್ಕರಿಗೂ ಪಾಲಿದೆ. ಇಂಥ ಮನೆಹದದಲ್ಲಿ ನೀರಿನ ಬಳಕೆ ಮಿತವಾಗಿದ್ದು ಯಂತ್ರಶಕ್ತಿ ಬಹುತೇಕ ಇಲ್ಲವಾದರೂ, ಅದನ್ನು ತೋರಿಸುವ ಒಂದು ಚೀಟಿಯೂ ಕುಶಲಕರ್ಮಿಯ ಬಳಿ ಇರುವುದಿಲ್ಲ. ಲೆಕ್ಕವನ್ನು ಬೇಡುವ ಖರೀದಿದಾರನ ಮುಂದೆ ಪುಸ್ತಕವಿಟ್ಟ ದೊಡ್ಡ ಕಾರ್ಖಾನೆ ಗೆದ್ದು, ಪುಸ್ತಕವಿಲ್ಲದ ಶುಚಿಯಾದ ಹದಗಾರ ಸೋಲುವ ಅನ್ಯಾಯವು ಈ ಪದ್ಧತಿಯ ನಿಜವಾದ ಅಪಾಯ. ಪುಸ್ತಕ ಬರೆಯುವ ಖರ್ಚನ್ನು ಕೊಳ್ಳುವವನೇ ವಹಿಸಬೇಕು, ಇಲ್ಲವೆ ಸಹಕಾರ ಸಂಘಗಳ ಮೂಲಕ ಹಂಚಿಕೊಳ್ಳಬೇಕು.

ಕೊನೆಯದಾಗಿ ಪೂರೈಕೆದಾರನ ಪೂರೈಕೆದಾರರನ್ನು ಕುರಿತು ಹೇಳಬೇಕಾಗಿದೆ. ಪಾಲಾರ್ ಕಣಿವೆಯ ಸಣ್ಣ ಟ್ಯಾನರಿಗಳು ತಮ್ಮ ರೊಚ್ಚನ್ನು ಸಾಮೂಹಿಕ ಶುದ್ಧೀಕರಣ ಘಟಕಗಳಿಗೆ ಕಳುಹಿಸುತ್ತವೆ. ಟ್ಯಾನರಿಯ ಲೆಕ್ಕವೆಷ್ಟು ಶುಭ್ರವಾಗಿದ್ದರೂ ಘಟಕವು ಕೆಟ್ಟರೆ ಆ ಶುಭ್ರತೆಗೆ ಅರ್ಥವಿಲ್ಲ. 2015ರ ಜನವರಿ 31ರಂದು ರಾಣಿಪೇಟೆಯ ಅಂಥ ಘಟಕವೊಂದರ ಕೆಸರುತೊಟ್ಟಿಯ ಗೋಡೆ ಒಡೆದು, ರಾತ್ರಿ ಮಲಗಿದ್ದ ಹತ್ತು ಮಂದಿ ಕೆಲಸಗಾರರು ಸತ್ತರು. ಚರ್ಮವನ್ನು ಹದಮಾಡುವ ಕ್ರೋಮ್ ಲವಣವನ್ನು ತಯಾರಿಸುತ್ತಿದ್ದ ಅದೇ ಊರಿನ ಕಾರ್ಖಾನೆಯೊಂದು ತೊಂಬತ್ತರ ದಶಕದಲ್ಲಿ ಮುಚ್ಚಿಹೋಗುವಾಗ ಲಕ್ಷ ಟನ್ನಿಗೂ ಮೀರಿದ ಷಡ್ವೇಲೆಯ ಕ್ರೋಮಿಯಮ್ ಕಸವನ್ನು ಬಯಲಿನಲ್ಲಿ ಬಿಟ್ಟು ಹೋಯಿತು. ರೊಚ್ಚನ್ನು ಹೊರಗೆ ಬಿಡದೆ ಪೂರ್ಣವಾಗಿ ಆವಿಯಾಗಿಸುವ ಇಂದಿನ ಘಟಕಗಳಲ್ಲಿಯೂ ಉಪ್ಪು ಮಾಯವಾಗುವುದಿಲ್ಲ. ಕೊಳ್ಳುವವರಿಲ್ಲದ ಮಿಶ್ರಲವಣವಾಗಿ ಉಗ್ರಾಣಗಳಲ್ಲಿ ರಾಶಿಬೀಳುತ್ತದೆ, ಆವಿಯಾಗಿಸಲು ಸುಟ್ಟ ಇಂಧನವು ನೀರಿನ ಖಾತೆಯ ಸಾಲವನ್ನು ಗಾಳಿಯ ಖಾತೆಗೆ ವರ್ಗಾಯಿಸುತ್ತದೆ. ಒಂದು ಖಾತೆಯನ್ನು ಮಾತ್ರ ಓದುವ ಖರೀದಿದಾರನಿಗೆ ಈ ವರ್ಗಾವಣೆ ಕಾಣಿಸದು.

ಪರಿಸರನಷ್ಟ ಪ್ರಾಧಿಕಾರವು ವಿಧಿಸಿದ ಪರಿಹಾರವು ಪೂರ್ತಿಯಾಗಿ ಸಂದಾಯವಾಗದೆ ಎರಡು ದಶಕಗಳು ಕಳೆದ ಮೇಲೆ, 2025ರ ಜನವರಿ 30ರಂದು ಸರ್ವೋಚ್ಚ ನ್ಯಾಯಾಲಯವು ವೆಲ್ಲೂರಿನ ವಿಷಯವನ್ನು ಮತ್ತೆ ತೀರ್ಮಾನಿಸಿ, ಬಾಧಿತರಿಗೆ ಬರಬೇಕಾದುದನ್ನು ಮೊದಲು ಸರ್ಕಾರವೇ ಕೊಟ್ಟು ಅನಂತರ ಕೆಡಿಸಿದವರಿಂದ ವಸೂಲು ಮಾಡಿಕೊಳ್ಳತಕ್ಕದ್ದೆಂದು ಆದೇಶಿಸಿತು. 2001ರ ವಸೂಲಿಯ ಪಟ್ಟಿಯಲ್ಲಿದ್ದದ್ದು ಟ್ಯಾನರಿಗಳು ಮಾತ್ರ. ಅವುಗಳ ಚರ್ಮವನ್ನು ಅಗ್ಗವಾಗಿ ಕೊಂಡವರಿಂದ ಏನನ್ನೂ ಕೇಳಲಾಗಿರಲಿಲ್ಲ.